ತೊಳೆದ ಐಸು

ಸಾಗರ,
೩೧ ಮಾರ್ಚ್ ೧೯೭೪, ಭಾನುವಾರ

ಪ್ರೀತಿಯ ತುಂಗಾ,

ಬಿಸಿಯೂ ತಾಗುವುದಿಲ್ಲ, ತಂಪೂ ತಾಗುವುದಿಲ್ಲ ಎಂದೆಯೋ, ಬಿಸಿ ಯಾವುದು ತಂಪು ಯಾವುದು ಅವಳಿಗೆ ಗೊತ್ತೇ ಇಲ್ಲ ಎಂದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನೀನು ಅದನ್ನು ಹೇಳಿದ್ದು ಬಸ್ಸಿನ ಕಿಟಕಿಯಿಂದ. ಮಡಿಲಲ್ಲಿ ಮಗು ಅಳುತ್ತಿತ್ತು, ಡ್ರೈವರು ಬಸ್ಸು ಚಾಲೂ ಮಾಡಿಯಾಗಿತ್ತು. ಮಾತಿನ ಅರ್ಧ ನನಗೆ ಸಿಕ್ಕಿತು, ಉಳಿದರ್ಧ ನಿನ್ನ ಜೊತೆಗೇ ಹೊನ್ನಾವರಕ್ಕೆ ಹೋಯಿತು. ಚಿಕ್ಕಮ್ಮನ ಬಗ್ಗೆ ಹೇಳಿದ್ದು ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಆ ಮಗು ಈಗ ಸೈಕಲ್ ಕಲಿಯುತ್ತಿದ್ದಾನೆ ಎಂದು ನೀನೇ ಹೋದ ಕಾಗದದಲ್ಲಿ ಬರೆದಿದ್ದೆ. ಹೀಗಿರುವಾಗ ಇಷ್ಟು ಹಳೆಯ ಮಾತೊಂದು ಈ ತಿಂಗಳಲ್ಲಿ ಯಾಕೆ ಪದೇಪದೇ ನೆನಪಾಯಿತು ಎಂದು ಹೇಳಲಿಕ್ಕೇ ಈ ಕಾಗದ.

ಅದಕ್ಕೆ ಮೊದಲು ನಿಮ್ಮೆಲ್ಲರ ಆರೋಗ್ಯ ಹೇಗಿದೆ? ನಿನ್ನ ಕೆಮ್ಮು ನಿಂತಿತೇ? ಭಾವನ ಕನ್ನಡಕ ಬದಲಾಯಿಸಬೇಕು ಎಂದಿದ್ದೆ, ಆಯಿತೇ? ಅವರು ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದನ್ನು ನಿನ್ನ ಅತ್ತಿಗೆ ಶರಾವತಿ ಇಲ್ಲಿ ಎಲ್ಲರಿಗೂ ಮಾಡಿ ತೋರಿಸುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಹುಡುಗರಿಗೆ ಪರೀಕ್ಷೆ ಹತ್ತಿರ ಬಂದಿರಬೇಕು. ಇಲ್ಲಿಯೂ ಅದೇ. ನಾನು ಬರೆಯುತ್ತಿರುವುದು ಪರೀಕ್ಷೆಗೆಂದು ಬಂದು ಉಳಿದ ಹಾಳೆಗಳಲ್ಲಿ. ಅಂಚಿನ ಕೆಂಪು ಗೆರೆ ನೋಡಿ ಭಾವ ಅಂಕ ಕೊಡಲು ಹೊರಡುವುದು ಬೇಡ. ಯುಗಾದಿ ಕಳೆದು ವಾರವಾಯಿತು. ಈ ಸಲದ ಹಬ್ಬದ ಅಡಿಗೆಯನ್ನು ಚಿಕ್ಕಮ್ಮ ಮಾಡಲಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಹೀಗಾದದ್ದು ಇದೇ ಮೊದಲು. ಅವಳ ಮಂಡಿ ಕೆಟ್ಟಿತ್ತು. ಈಗ ಸುಧಾರಿಸಿದೆ. ಆದರೆ ಇನ್ನು ಮುಂದೆ ಅವಳು ಎಲ್ಲಿರಬೇಕು, ಈ ಬೇಸಿಗೆಯನ್ನಾದರೂ ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಎದ್ದಿದೆ. ಅದಕ್ಕೆ ಉತ್ತರ ಇರುವುದು ನಿನ್ನಲ್ಲಿ. ಅವಳ ಹೆಸರು ಕಂಡ ಕೂಡಲೇ ಹಾಳೆ ಮಡಚಿ ಇಡಬೇಡ. ಪೂರ್ತಿ ಓದಿ ಆಗುವುದಿಲ್ಲ ಎಂದು ಬರೆದರೆ ನನಗೇನೂ ಬೇಸರವಿಲ್ಲ.

ಶಾಖ ಕೊಡುವುದು ಎಂದರೆ ನಮ್ಮ ಬೀದಿಯಲ್ಲಿ ಚಿಕ್ಕಮ್ಮ ಎಂದೇ ಅರ್ಥ. ನೀನು ಹೋದ ಮೇಲೂ ಅದು ಹಾಗೆಯೇ ನಡೆದುಕೊಂಡು ಬಂತು. ಕುತ್ತಿಗೆ ಉಳುಕಿದವರು, ಸೊಂಟ ಹಿಡಿದವರು, ಸೈಕಲ್ಲಿನಿಂದ ಬಿದ್ದವರು ಎಲ್ಲ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಹೊಸನಗರದಿಂದ ಒಬ್ಬರು ಬಸ್ಸಿನಲ್ಲಿ ಭುಜ ಹಿಡಿದುಕೊಂಡು ಬಂದು, ಶಾಖ ತೆಗೆದುಕೊಂಡು, ಅದೇ ಬಸ್ಸು ತಿರುಗಿ ಹೋಗುವಾಗ ಹತ್ತಿ ಹೋಗಿದ್ದರು. ಬಂದವರನ್ನು ಮಡಿಗೆ ತಾಗದಂತೆ ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ಉಪ್ಪು ಹುರಿದು ಗಂಟು ಕಟ್ಟಿ ಸೊಸೆಯ ಕೈಯಲ್ಲೋ ನನ್ನ ಕೈಯಲ್ಲೋ ಒತ್ತಿಸುತ್ತಿದ್ದಳು. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ದೂರದಿಂದಲೇ ಎರೆಯುತ್ತಿದ್ದಳು. ಅವರು ಹಾ ಎಂದರೆ ಅವಳದು ಒಂದೇ ಮಾತು. "ಸುಡ್ಲಿ. ಸುಟ್ರೇ ಗಟ್ಟಿ ಅಪ್ಪದು." ಈ ಮಾತು ನಿನಗೆ ನಾನು ನೆನಪಿಸಬೇಕಾಗಿಲ್ಲ. ಅಮ್ಮ ಇಲ್ಲದ ಮನೆಗೆ ನೀನು ಬಾಣಂತನಕ್ಕೆ ಬಂದಾಗ ಬಚ್ಚಲಿನಿಂದ ಕೇಳುತ್ತಿದ್ದ ನಿನ್ನ ಕೂಗು, ಅದರ ಹಿಂದೆಯೇ ಈ ಮಾತು, ಹೊರಗೆ ಜಗಲಿಯಲ್ಲಿ ಕೂತ ಅಪ್ಪಯ್ಯ ಪಂಚಾಂಗ ತಿರುವಿ ಹಾಕುತ್ತಿದ್ದ ಸದ್ದು. ಬೆನ್ನು ಕೆಂಪಾಗಿ ಬೊಬ್ಬೆ ಎದ್ದ ಮೇಲೆ ನೀನು ಬಾಣಂತನ ಮುಗಿಯುವ ಮೊದಲೇ ಹೊರಟುಹೋದೆ. ಆಮೇಲೆ ಬಂದದ್ದು ಅಪ್ಪಯ್ಯನ ಕಾರ್ಯಕ್ಕೆ ಮಾತ್ರ. ಆಗಲೂ ನೀನು ಬಚ್ಚಲಿಗೆ ಹೋಗಲಿಲ್ಲ. ಚಳಿಯಲ್ಲಿ, ಬಾವಿಕಟ್ಟೆಯಲ್ಲಿ, ತಣ್ಣೀರು ಸೇದಿ ಸೇದಿ ಹೊಯ್ದುಕೊಂಡೆ. ಚಿಕ್ಕಮ್ಮ ಹಂಡೆಯ ಒಲೆಯ ಮುಂದೆ ಕೂತು ಬಾವಿಗೆ ಕೊಡ ಬೀಳುವ ಸದ್ದು ಕೇಳುತ್ತಿದ್ದಳು. ನಾನು ಇಬ್ಬರ ನಡುವೆ ನಿಂತಿದ್ದೆ ಎನ್ನುವುದು ಸರಿಯಾಗುವುದಿಲ್ಲ, ಅಲ್ಲಿಂದ ಹಾದು ಹೋಗುತ್ತಿದ್ದೆ, ಅಷ್ಟೆ.

ಈ ಸಲ ಶಿವರಾತ್ರಿ ಮುಗಿದ ಸ್ವಲ್ಪ ದಿನಕ್ಕೆ ಅವಳು ಬಚ್ಚಲಿನ ಮೆಟ್ಟಿಲ ಮೇಲೆ ಬಿದ್ದಳು. ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ. ನಮಗೆ ಗೊತ್ತಾದದ್ದು ಅವಳು ಒಲೆಯ ಮುಂದೆ ಕೂರುವುದನ್ನು ಬಿಟ್ಟದ್ದರಿಂದ. ಗೋಡೆಗೆ ಒರಗಿ, ಒಂದೇ ಕಾಲ ಮೇಲೆ ಭಾರ ಹಾಕಿ, ಬಗ್ಗಿ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ಶರಾವತಿ ಕೇಳಿದರೆ "ಎಂತೂ ಆಜಿಲ್ಲೆ" ಎಂದಳು, ಏನೂ ಆಗಿಲ್ಲವೆಂಬಂತೆ. ನಾನು ಕೇಳಿದರೆ, ಗಂಡಸರಿಗೆ ಇದೆಲ್ಲ ಎಂತಕ್ಕೆ ಎಂದಳು. ಎಲ್ಲರಿಗೂ ಕೊಡುತ್ತಿದ್ದ ಶಾಖವನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತಿದ್ದಳು. ಉಪ್ಪಿನ ಗಂಟು, ಹರಳೆಣ್ಣೆ ಹಚ್ಚಿ ಬಾಡಿಸಿದ ಎಲೆ, ಮತ್ತೆ ಉಪ್ಪಿನ ಗಂಟು. ಎದುರು ಮನೆಯ ಕನ್ನಪ್ಪನವರು ಕೋಣಂದೂರಿಗೆ ಹೋದವರು ಅಲ್ಲಿಂದ ಯಾವುದೋ ಎಣ್ಣೆ ತಂದುಕೊಟ್ಟರು. ಅದನ್ನೂ ಬಿಸಿ ಮಾಡಿ ತಿಕ್ಕಿದಳು. ಶಾಖ ಹೆಚ್ಚಿದಷ್ಟೂ ಮಂಡಿ ಹೆಚ್ಚುತ್ತಾ ಹೋಯಿತು. ಕಡೆಗೆ ಸೀರೆಯ ಮೇಲಿಂದಲೇ ಕಾಣುವಷ್ಟು ದಪ್ಪವಾಯಿತು. ಶರಾವತಿ ಅಡಿಗೆ ತಾನು ಮಾಡುತ್ತೇನೆ ಎಂದಳು, ಬೇಡವಾದರೆ ಕಟ್ಟೆ ಕಟ್ಟಿಸೋಣ, ನಿಂತುಕೊಂಡೇ ಮಾಡಬಹುದು ಎಂದಳು. "ನಿಂತು ಬೇಯಿಸಿದ್ದು ದೇವರಿಗೆ ಆಗ್ತಿಲ್ಲೆ" ಎಂದು ಚಿಕ್ಕಮ್ಮ ಬಾಗಿಲು ಎಳೆದುಕೊಂಡಳು. ಅವಳ ಭಯ ನನಗೆ ಅರ್ಥವಾಗದೆ ಇರಲಿಲ್ಲ. ಚಿಕ್ಕಪ್ಪ ಸತ್ತ ಮೇಲೆ ಈ ಮನೆಯಲ್ಲಿ ಉಳಿದವಳಿಗೆ ಕೊಟ್ಟ ಜಾಗ ಎಂದರೆ ಆ ಒಲೆಯ ಮುಂದಿನ ಮಣೆ ಒಂದೇ. ಮಂಡಿ ಮಡಚದಿದ್ದರೆ ಮಣೆಯಿಲ್ಲ, ಮಣೆಯಿಲ್ಲದಿದ್ದರೆ ತಾನು ಇಲ್ಲಿ ಯಾರು ಎಂದು ಅವಳೇ ಕೇಳಿಕೊಳ್ಳಬೇಕಾಗುತ್ತದೆ.

ಕಡೆಗೆ ಡಾಕ್ಟರನ್ನು ಮನೆಗೇ ಕರೆದುಕೊಂಡು ಬಂದೆ. ಹೊಸಬರು, ವಯಸ್ಸು ಚಿಕ್ಕದು, ಮಾತು ದೊಡ್ಡದು. ತೆಳ್ಳಗಿನ ಬಟ್ಟೆ ಹೊದಿಸಿದ ಮಂಡಿಯ ಮೇಲೆ ಅಂಗೈ ಇಟ್ಟವರು ಕೂಡಲೇ ತೆಗೆದರು. "ಅಯ್ಯೋ ಅಮ್ಮಾ, ಉರಿಯೋ ಒಲೆಗೆ ಇನ್ನೂ ಕಟ್ಟಿಗೆ ತುರುಕ್ತಾ ಇದ್ದೀರಲ್ಲ!" ಎಂದರು. ಹಳೆಯ ನೋವಿಗೆ, ಹಿಡಿದುಕೊಂಡ ಸೊಂಟಕ್ಕೆ ಶಾಖ ಸರಿಯಂತೆ. ಪೆಟ್ಟು ಬಿದ್ದು ಊದಿಕೊಂಡು ತಾನೇ ಬಿಸಿಯಾಗಿರುವ ಗಂಟಿಗೆ ತಂಪು ಬೇಕಂತೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡುವುದು, ತೆಗೆಯುವುದು, ಬರಿಯ ಚರ್ಮಕ್ಕೆ ತಾಗಿಸಬಾರದು, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡಿರಬೇಕು. ಊತ ಇಳಿದ ಮೇಲೆ ಹದವಾದ ಶಾಖ, ಆಮೇಲೆ ಮಟ್ಟಸವಾದ ನೆಲದ ಮೇಲೆ ನಡಿಗೆ. ಅಷ್ಟರಲ್ಲಿ ಒಳಗೆ ಸರಿದಿದ್ದ ಚಿಕ್ಕಮ್ಮ ಬಾಗಿಲ ಮರೆಯಿಂದ "ತಂಪು ಕೊಟ್ರೆ ವಾಯು ಏರ್ತು" ಎಂದಳು. "ಏರ್ಲಿ, ಇಳಿಸೋಣ" ಎಂದು ಡಾಕ್ಟರು ಚಪ್ಪಲಿ ಹಾಕಿಕೊಂಡರು. ಐಸು ಎಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ.

ಅದು ಸಿಗುವ ವಸ್ತುವಲ್ಲ ಎಂದು ಹುಡುಕಲು ಹೊರಟಾಗ ತಿಳಿಯಿತು. ಔಷಧಿ ಅಂಗಡಿಯಲ್ಲಿ ಒಂದು ಫ್ರಿಜ್ಜು ಇದೆ. ಅದರಲ್ಲಿ ಇಂಜೆಕ್ಷನ್ ಬಿಟ್ಟು ಬೇರೇನೂ ಇಡುವುದಿಲ್ಲ ಎಂದರು. ಹೋಟೆಲಿನಲ್ಲಿ ಇನ್ನೊಂದು ಇತ್ತು, ಅದು ರಿಪೇರಿಗೆಂದು ಶಿವಮೊಗ್ಗಕ್ಕೆ ಹೋಗಿದೆ. ಹೋಟೆಲಿನ ಗಲ್ಲೆಯಲ್ಲಿ ಕೂತವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, "ಮೀನು ಮಾರ್ಕೆಟ್ಟಿಗೆ ಬೆಳಿಗ್ಗೆ ಲಾರಿ ಬತ್ತದಲ್ಲ ಮೇಷ್ಟ್ರೇ" ಎಂದರು. ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಲಾರಿ ಅದು. ಹತ್ತಿರದಲ್ಲೇ ಶಾಲೆಗೆ ಹೋಗುವ ದಾರಿ ಇದ್ದರೂ ನಾನು ಆ ತಿರುವಿನಲ್ಲಿ ತಿರುಗಿದವನೇ ಅಲ್ಲ. ಮರುದಿನ ತಿರುಗಿದೆ. ಕೈಯಲ್ಲಿ ಹಾಲಿನ ಕ್ಯಾನು ಇತ್ತು. ಲಾರಿಯ ಹಿಂದೆ ಮಾಸ್ತಪ್ಪ ಎಂಬವನು ನಿಂತು ಬುಟ್ಟಿ ಇಳಿಸುತ್ತಿದ್ದ. ನನ್ನನ್ನು ಕಂಡು "ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?" ಎಂದ. ಐಸು ಬೇಕು ಎಂದೆ. "ಮೀನು ಬ್ಯಾಡ, ಐಸು ಮಾತ್ರ ಬೇಕಾ? ಹೂವು ಬ್ಯಾಡ, ದಾರ ಕೊಡಿ ಅಂದಂಗಾಯ್ತು" ಎಂದು ಜೋರಾಗಿ ಹೇಳಿದ. ಬುಟ್ಟಿಯ ಸುತ್ತ ಇದ್ದ ಹೆಂಗಸರು ನಕ್ಕರು. ಅವರಲ್ಲೊಬ್ಬಳು "ಎರಡು ಬಂಗಡೇನೂ ಹಾಕಿ ಕಳ್ಸಾ, ಮೇಷ್ಟ್ರ ಮನೇಲಿ ಇವತ್ತು ಹಬ್ಬ ಆಗ್ಲಿ" ಎಂದಳು. ಮಂಡಿಗೆ ಎಂದು ನಾನು ವಿವರಿಸಿದೆ. ಯಾರ ಮಂಡಿಗೆ ಎಂದು ಹೇಳಲಿಲ್ಲ. ಮಾಸ್ತಪ್ಪ ಮರದ ಹೊಟ್ಟಿನೊಳಗೆ ಕೈ ಹಾಕಿ ದೊಡ್ಡ ಗಡ್ಡೆಯೊಂದನ್ನು ಎತ್ತಿ ಒಡೆದು ಕ್ಯಾನಿಗೆ ತುಂಬಿದ. ನಾನು ಹಿಂದಿನ ಓಣಿಯಿಂದ ಮನೆಗೆ ಬಂದೆ. ಎದುರಾದ ಪುರೋಹಿತರು ಕ್ಯಾನು ನೋಡಿ, ಹಾಲು ತರುತ್ತಿದ್ದೇನೆ ಎಂದುಕೊಂಡು, "ಓ, ಹಾಲು ತಪ್ಪ ಕೆಲಸ ನಿಮಗೇ ಬಂತಾ" ಎಂದರು. ಹೌದು ಎಂದೆ.

ಇನ್ನು ಮುಂದಿನದನ್ನು ನೀನು ನಗದೆ ಓದಲಾರೆ. ಶರಾವತಿ ಹಿತ್ತಿಲ ಬಾಗಿಲಲ್ಲೇ ನನ್ನನ್ನು ತಡೆದಳು. "ಮೀನಿನ ಲಾರಿದಾ?" ಎಂದಳು. ಹೌದು ಎಂದೆ. ಅದು ಅತ್ತೆಯ ಮೈಗೆ ತಾಗಬೇಕಾದರೆ ತೊಳೆಯಬೇಕು ಎಂದಳು. ನನಗೂ ಸರಿ ಎನ್ನಿಸಿತು. ಪೇಟೆಯಿಂದ ಬಂದ ತರಕಾರಿಯನ್ನೂ ತೊಳೆದೇ ಒಳಗೆ ತರುವ ಮನೆ ನಮ್ಮದು. ಅವಳು ಬಾವಿಯಿಂದ ನೀರು ಸೇದಿ ಹೊಯ್ದಳು. ಮೇಲಿನ ಹೊಟ್ಟು ಹೋಯಿತು. ಮೂಗಿನ ಹತ್ತಿರ ಹಿಡಿದು ನೋಡಿದಳು, ವಾಸನೆ ಇತ್ತು. ಮತ್ತೆ ಹೊಯ್ದಳು. ಮತ್ತೆ ಮೂಗಿನ ಹತ್ತಿರ ಹಿಡಿದಳು. "ಮೇಲಿಂದು ಹೋದ್ರೆ ಒಳಗಿದ್ದು ಶುದ್ಧ ಇರ್ತು" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹಿಮಾಲಯದ ನದಿಗಳು ಬೇಸಿಗೆಯಲ್ಲಿ ತುಂಬಿ ಹರಿಯುವುದು ಯಾಕೆ ಎಂದು ವರ್ಷವೂ ಮಕ್ಕಳಿಗೆ ಪಾಠ ಹೇಳುವವನು ನಾನು. ಶುದ್ಧವಾಗುತ್ತ ಹೋದಷ್ಟೂ ಅದು ಇಲ್ಲವಾಗುತ್ತ ಹೋಗುತ್ತಿತ್ತು. ಕೊನೆಗೆ ದೇವರ ಕೋಣೆಯ ತೀರ್ಥ ಪ್ರೋಕ್ಷಿಸುವ ಹೊತ್ತಿಗೆ ಅವಳ ಕೈಯಲ್ಲಿ ನಿಂಬೆಹಣ್ಣಿನಷ್ಟು ಉಳಿದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಚಿಕ್ಕಮ್ಮನ ಮಂಡಿಯ ಮೇಲೆ ಇಟ್ಟೆವು. ಅದು ಎಲ್ಲಿಂದ ಬಂತು ಎಂದು ಚಿಕ್ಕಮ್ಮ ಕೇಳುವುದರೊಳಗೆ ಬರಿಯ ಒದ್ದೆ ಬಟ್ಟೆ ಉಳಿದಿತ್ತು. "ಇಷ್ಟೆಯಾ ಡಾಕ್ಟ್ರ ಮದ್ದು?" ಎಂದು ಅವಳು ಮುಖ ಆಚೆ ತಿರುಗಿಸಿದಳು.

ಮರುದಿನ ದೊಡ್ಡ ಗಡ್ಡೆ ತಂದೆ, ಶರಾವತಿ ಕಡಿಮೆ ತೊಳೆದಳು. ತೊಳೆಯುವುದನ್ನು ಪೂರ್ತಿ ಬಿಡುವ ಧೈರ್ಯ ಅವಳಿಗೆ ಇರಲಿಲ್ಲ, ಬಿಡು ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ವಾಸನೆಗೆ ಊದಿನಕಡ್ಡಿ ಹಚ್ಚಿದೆವು. ಇದು ಶಿವಮೊಗ್ಗದಿಂದ ಬಸ್ಸಿಗೆ ಬರುವ ಐಸು ಎಂದು ಹೇಳುವುದಾಗಿ ನಮ್ಮಲ್ಲೇ ಮಾತಾಗಿತ್ತು. ಚಿಕ್ಕಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ಕಾಲು ದಿಂಬಿನ ಮೇಲಿತ್ತು. ಐಸಿನ ಗಂಟು ಇಟ್ಟಾಗ ಮೊದಲು ಮೈ ಬಿಗಿ ಹಿಡಿದಳು, ಆಮೇಲೆ ಸಡಿಲ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆಯದೆ, ಇದು ಎಲ್ಲಿಂದು ಎಂದು ಕೇಳಿದಳು. ಶಿವಮೊಗ್ಗದ್ದು ಎಂದೆ. ಒಂದು ಸಲ ಉಸಿರನ್ನು ಉದ್ದಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ಶಿವಮೊಗ್ಗಕ್ಕೆ ಕಡಲು ಯಾವಾಗ ಬಂತೋ ತಮಾ?"

ಶರಾವತಿ ಹಿಡಿದ ಊದಿನಕಡ್ಡಿ ಹಾಗೆಯೇ ಉಳಿಯಿತು. ಈಗ ಎದ್ದು ಕೂರುತ್ತಾಳೆ, ಗಂಟನ್ನು ಎಸೆಯುತ್ತಾಳೆ, ಪಂಚಗವ್ಯ ತರಿಸುತ್ತಾಳೆ ಎಂದು ನಾವಿಬ್ಬರೂ ಕಾದೆವು. ಚಿಕ್ಕಮ್ಮ ಗಂಟನ್ನು ತಾನೇ ಕೈಯಿಂದ ಸ್ವಲ್ಪ ಮೇಲಕ್ಕೆ ಸರಿಸಿಕೊಂಡಳು. "ಶರಾವತಿಗೆ ಹೇಳು, ತೊಳೆಯದು ಬ್ಯಾಡ" ಎಂದಳು. ಮಡಿ ಎಂದು ಶರಾವತಿ ಏನೋ ತೊದಲಿದಳು. "ಆನು ಮೀತಿ. ಮಿಂದ್ರಾತು" ಎಂದಳು, ಸ್ನಾನ ಮಾಡಿದರೆ ಮುಗಿಯಿತಲ್ಲ ಎಂಬಂತೆ. ಮೈಲಿಗೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಷ್ಟು ಚಿಕ್ಕ ತೀರ್ಪು ಇದುವರೆಗೆ ಬಂದಿರಲಿಲ್ಲ. ಅಂದಿನಿಂದ ತೊಳೆಯದ ಐಸೇ ಬರುತ್ತಿತ್ತು. ಕೆಲವೊಮ್ಮೆ ಅದರಲ್ಲಿ ಒಂದೆರಡು ಬೆಳ್ಳಿಯಂಥ ಮೀನಿನ ಹುರುಪೆ ಅಂಟಿರುತ್ತಿತ್ತು. ಚಿಕ್ಕಮ್ಮ ಅದನ್ನು ನೋಡುತ್ತಿದ್ದಳು. ಐಸು ತೆಗೆದ ಮೇಲೆ ಶರಾವತಿಯ ಹೆಗಲು ಹಿಡಿದು ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡು ಬೇರೆ ಕೆಂಪು ಸೀರೆ ಉಡುತ್ತಿದ್ದಳು. ಊತ ಇಳಿಯತೊಡಗಿತು.

ಅವಳ ತವರು ಘಟ್ಟದ ಕೆಳಗೆ ಎಂದು ನಮಗೆ ಗೊತ್ತಿತ್ತು. ಗೊತ್ತಿರುವುದು ಎಂದರೆ ನಕ್ಷೆಯಲ್ಲಿ ಊರಿನ ಚುಕ್ಕೆ ಗೊತ್ತಿರುವ ಹಾಗೆ. ಚಿಕ್ಕ ಹುಡುಗಿಯನ್ನು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ ತಂದರಂತೆ. ಅವಳ ಅಣ್ಣ ತೀರಿಕೊಂಡ ಮೇಲೆ ತವರಿನವರು ಮನೆ ಮಾರಿ ಚದುರಿಹೋದರು, ಹೋಗಿಬರುವ ಮನೆ ಅಲ್ಲಿ ಉಳಿಯಲಿಲ್ಲ. ಇಲ್ಲಿಂದ ಕಡಲಿಗೆ ಎಷ್ಟು ದೂರ? ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ನಿಮ್ಮಲ್ಲಿ. ಮೀನು ದಿನವೂ ಬರುತ್ತದೆ. ಚಿಕ್ಕಮ್ಮ ಒಮ್ಮೆಯೂ ಇಳಿಯಲಿಲ್ಲ. ಈಗ ಮಲಗಿಕೊಂಡು, ಕೇಳುವವರು ಇದ್ದಾರೋ ಇಲ್ಲವೋ ನೋಡದೆ, ಸೂರಿನ ಕಡೆಗೆ ಮಾತಾಡುತ್ತಾಳೆ. ಅವಳ ಅಜ್ಜಿಗೂ ಮಂಡಿನೋವು ಇತ್ತಂತೆ. "ಮಧ್ಯಾಹ್ನದ ಮರಳು ಅಂದ್ರೆ ಹಂಡೆ ಒಲೆ ಬೂದಿಗಿಂತ ಬಿಸಿ. ಅಜ್ಜಿ ಕಾಲು ಹುಗಿದು ಕೂರ್ತಿತ್ತು. ಎಂಗೊ ಮಕ್ಕ ಎಲ್ಲ ಸುತ್ತ ಕೂತು ಮರಳು ಮುಚ್ಚದು. ಸಾಕು ಹೇಳಿ ಆದಾಗ ಎದ್ದು ಅಲೆಗೆ ಹೋಗ್ತಿತ್ತು. ಮತ್ತೆ ಮರಳು, ಮತ್ತೆ ನೀರು." ಹೀಗೆ ಹೇಳುವಾಗ ದಿಂಬಿನ ಮೇಲಿನ ಕಾಲಿನ ಬೆರಳು ಅಲ್ಲಾಡುತ್ತಿದ್ದವು. ಇದನ್ನು ಡಾಕ್ಟರಿಗೆ ಹೇಳಿದೆ. ಅಜ್ಜಿಗೆ ಫೀಸು ಕೊಡಬೇಕಾಗಿತ್ತು ಎಂದು ನಕ್ಕರು. ಊತ ಪೂರ್ತಿ ಹೋದ ಮೇಲೆ ಅದೂ ಆಗಬಹುದು, ಸುಡುವಷ್ಟು ಬೇಡ, ಮರಳಿನಲ್ಲಿ ನಡೆಯುವುದಾದರೆ ಒದ್ದೆಯಾಗಿ ಗಟ್ಟಿಯಾಗಿರುವ ಕಡೆ ನಡೆಯಲಿ ಎಂದರು.

ಯುಗಾದಿಯ ಮುಂದಿನ ದಿನಗಳಲ್ಲಿ ಐಸು ನಿಂತು ಶಾಖ ಶುರುವಾಯಿತು. ಚಿಕ್ಕಮ್ಮ ಮಲಗಿರುವುದು, ಇನ್ನೊಬ್ಬರು ಉಪ್ಪು ಹುರಿಯುವುದು. ಇದು ಅವಳಿಗೂ ಹೊಸದು, ಮನೆಗೂ ಹೊಸದು. ಶರಾವತಿ ಗಂಟು ತಂದು ಮಂಡಿಯ ಮೇಲೆ ಇಟ್ಟ ಕೂಡಲೇ ಚಿಕ್ಕಮ್ಮ "ಸುಡ್ತು!" ಎಂದು ಕೂಗಿದಳು. ಎಷ್ಟು ಜೋರಾಗಿ ಎಂದರೆ ನಾನು ಕೈಯಲ್ಲಿದ್ದ ಪೆನ್ನು ಬಿಟ್ಟು ಎದ್ದು ಬಂದೆ. ಶರಾವತಿ ಗಂಟನ್ನು ತೆಗೆದು ಮುಂಗೈಯ ಹಿಂಬದಿಗೆ ತಾಗಿಸಿ ನೋಡಿದಳು, ಇನ್ನೊಂದು ಬಟ್ಟೆ ಸುತ್ತಿದಳು, ಮತ್ತೆ ತಾಗಿಸಿ ನೋಡಿದಳು. ಚಿಕ್ಕಮ್ಮ ಇದನ್ನೆಲ್ಲ ಯಾವುದೋ ಪರವೂರಿನ ಪದ್ಧತಿ ನೋಡುವವಳಂತೆ ನೋಡುತ್ತಿದ್ದಳು. "ಅದೆಂತಕ್ಕೆ ಅಲ್ಲಿ ಹಿಡಿದು ನೋಡದು?" ಎಂದಳು. "ಯಂಗೆ ಸುಟ್ರೆ ನಿಂಗಕ್ಕೂ ಸುಡ್ತಲ್ದಾ ಅತ್ತೆ, ಅದಕ್ಕೆ" ಎಂದಳು ಶರಾವತಿ. ಚಿಕ್ಕಮ್ಮ ತನ್ನ ಎರಡೂ ಅಂಗೈಗಳನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಶರಾವತಿಯ ಕೈಯಿಂದ ಆ ಗಂಟನ್ನು ತೆಗೆದುಕೊಂಡು, ಸುತ್ತಿದ ಬಟ್ಟೆ ಬಿಚ್ಚಿ, ಅಂಗೈಯಲ್ಲಿ ಒತ್ತಿ ಹಿಡಿದಳು. ಸುಮಾರು ಹೊತ್ತು ಹಿಡಿದಳು. ಮುಖ ಬದಲಾಗಲಿಲ್ಲ. ಬರಿಗೈಯಲ್ಲಿ ಚರಿಗೆ ಇಳಿಸಿ, ಬರಿಗೈಯಲ್ಲಿ ಕೆಂಡ ಸರಿಸಿ ಆ ಕೈ ದನದ ಗೊರಸಿನಂತೆ ಆಗಿದೆ. ನನಗೆ ನೆನಪಾದದ್ದು ಹಂಡೆ. ಬಾಣಂತಿ ನೀರಿನ ಹದವನ್ನು ಅವಳು ನೋಡುತ್ತಿದ್ದದ್ದು ಇದೇ ಅಂಗೈ ಅದ್ದಿ. ಅದ್ದಿ, ಸಾಲದು ಎಂದು ಇನ್ನೊಂದು ಸೌದೆಯ ಕುಂಟೆ ಒಲೆಗೆ ನೂಕುತ್ತಿದ್ದಳು.

ಅವಳಿಗೂ ಅದೇ ನೆನಪಾಯಿತು ಎಂದು ನಾನು ಖಂಡಿತವಾಗಿ ಹೇಳಲಾರೆ. ಗಂಟನ್ನು ಹಿಂದಕ್ಕೆ ಕೊಟ್ಟು, "ತುಂಗೆನೂ ಹಿಂಗೇ ಕೂಗಿತ್ತು" ಎಂದಳು. ಅಷ್ಟೇ. ಇದನ್ನು ಕ್ಷಮೆ ಎಂದು ಬರೆದರೆ ನಾನು ಹೆಚ್ಚು ಬರೆದ ಹಾಗಾಗುತ್ತದೆ. ಅವಳಿಗೆ ಆ ಶಬ್ದ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಬಸ್ಸಿನ ಕಿಟಕಿಯಿಂದ ನೀನು ಹೇಳಿದ ಮಾತು ಸುಳ್ಳೂ ಅಲ್ಲ ಎಂದು ಅಂದು ನನಗೆ ಕಂಡಿತು. ಅಂಗೈಗೆ ತಾಗುವುದಿಲ್ಲ. ಮಂಡಿಗೆ ತಾಗುತ್ತದೆ. ನಿನ್ನ ಬೆನ್ನಿನ ಮೇಲಿನ ಬೊಬ್ಬೆ ಇದರಿಂದ ಆಗದೆ ಇದ್ದ ಹಾಗೆ ಆಗುವುದಿಲ್ಲ. ನಾನು ನಡೆದದ್ದನ್ನು ನಡೆದ ಹಾಗೆ ತಿಳಿಸುತ್ತಿದ್ದೇನೆ.

ಈಗ ಊತವಿಲ್ಲ. ಕೋಲು ಹಿಡಿದು ನಡುಮನೆಯಲ್ಲಿ ಓಡಾಡುತ್ತಾಳೆ, ಮಂಡಿ ಮಾತ್ರ ಪೂರ್ತಿ ಮಡಚುವುದಿಲ್ಲ, ಇನ್ನು ಮುಂದೆಯೂ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಡಿಗೆಮನೆ ಶರಾವತಿಯ ಕೈಗೆ ಬಂದಿದೆ. ಅದಕ್ಕೆ ಜಗಳವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಏನೂ ಹೇಳುವುದಿಲ್ಲ. ನನಗೆ ಮಂಡಿಗಿಂತ ಈ ಮೌನದ ಚಿಂತೆ ಹೆಚ್ಚಾಗಿದೆ. ಶಾಖ ಕೇಳಿಕೊಂಡು ಬಂದವರನ್ನು ಊತ ಇದೆಯೋ ಇಲ್ಲವೋ ನೋಡಿ, ಇದ್ದರೆ "ಮೀನಿನ ಮಾರ್ಕೆಟ್ಟಿಗೆ ಹೋಗಿ" ಎಂದು ಕಳಿಸುತ್ತಾಳೆ. ಕನ್ನಪ್ಪನವರು ಇದನ್ನು ತಮಾಷೆ ಎಂದೇ ತಿಳಿದಿದ್ದಾರೆ. ಹಗಲೆಲ್ಲ ನಡುಮನೆಯ ಕಿಟಕಿಯ ಹತ್ತಿರ ಕೂರುತ್ತಾಳೆ. ಮೊನ್ನೆ ಬೆಳಿಗ್ಗೆ ಲಾರಿ ಹಾದುಹೋದ ಸದ್ದಿಗೆ ನನ್ನ ಕಡೆ ತಿರುಗಿ, ಇನ್ನು ಐಸು ಬೇಡವೆಂದು ಡಾಕ್ಟರು ಖಂಡಿತ ಹೇಳಿದರೋ ಎಂದು ಕೇಳಿದಳು. ಖಂಡಿತ ಹೇಳಿದರು ಎಂದೆ. ಆಮೇಲೆ ಯೋಚಿಸಿದೆ, ಹಾಗೆ ಹೇಳಬಾರದಿತ್ತೇನೋ.

ನಿನ್ನ ಕೆಮ್ಮಿಗೆ ಶರಾವತಿ ಕಷಾಯದ ಪುಡಿ ಕುಟ್ಟಿಟ್ಟಿದ್ದಾಳೆ, ಯಾರಾದರೂ ಬರುವವರಿದ್ದರೆ ಕಳಿಸುತ್ತೇನೆ, ಇಲ್ಲದಿದ್ದರೆ ನಾನೇ ತರುತ್ತೇನೆ. ಹುಡುಗರು ಚೆನ್ನಾಗಿ ಓದಿ ಚೆನ್ನಾಗಿ ಆಡಲಿ, ಎರಡರಲ್ಲಿ ಒಂದೇ ಆಗುವುದಾದರೆ ಆಡಲಿ ಎಂದು ಮಾವ ಹೇಳಿದ್ದಾನೆಂದು ಹೇಳು. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮನೆ ತಂಪಾಗಿರಲಿ ಎಂದು ಹರಸುವ,

ನಿನ್ನ ಅಣ್ಣ,
ಹೇರಂಬ

ಮರೆತಿದ್ದೆ. ಕಾಗದ ಅಂಚೆ ಡಬ್ಬಿಗೆ ಹಾಕಲು ಹೊರಟವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪರೀಕ್ಷೆ ಮುಂದಿನ ವಾರ ಮುಗಿಯುತ್ತದೆ. ನೀನು ಬಾ ಎಂದರೆ ಬೆಳಗಿನ ಬಸ್ಸಿಗೆ ಚಿಕ್ಕಮ್ಮನನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಮಳೆ ಹಿಡಿಯುವವರೆಗೆ ಇರಲಿ. ಅವಳು ಬಾಯಿಬಿಟ್ಟು ಕೇಳಿಲ್ಲ, ಕೇಳುವವಳೂ ಅಲ್ಲ. ಆದರೆ ಎರಡು ಸೀರೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾಳೆ, ಕೇಳಿದರೆ ಒಗೆಯಲಿಕ್ಕೆ ಎನ್ನುತ್ತಾಳೆ. ಅವು ಒಗೆದ ಸೀರೆಗಳು. ಈಗ ನಾನು ಚಪ್ಪಲಿ ಹಾಕಿಕೊಳ್ಳುವಾಗ ಕಿಟಕಿಯಿಂದ, ಯಾರಿಗೆ ಕಾಗದ ಎಂದಳು. ತುಂಗಾಗೆ ಎಂದೆ. "ತುಂಗೆ ಮನೆ ಬಚ್ಚಲಿಗೆ ಮೆಟ್ಲು ಇದ್ದಾ?" ಎಂದಳು. ಗೊತ್ತಿಲ್ಲ ಎಂದೆ. ನಿಮ್ಮಲ್ಲಿ ಎಷ್ಟೋ ಸಲ ಮಿಂದಿದ್ದೇನೆ, ಗಮನಿಸಿಲ್ಲ. ಇದೆಯೇ ತುಂಗಾ?